ಗಂಟೆಗಳ ಲೆಕ್ಕವೂ ಗುರುವಿನ ಕಿವಿಯೂ: ಗಂಗೂಬಾಯಿ ಹಾನಗಲ್ ಅವರ ರಿಯಾಜ್ ಕುರಿತು

ಗಂಗೂಬಾಯಿ ಹಾನಗಲ್ (1913–2009) ಅವರ ತಾಲೀಮು ಮುಗಿಯುವ ಮೊದಲೇ ಅವರ ಕಛೇರಿಗಳು ಶುರುವಾಗಿದ್ದವು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದಾಗ ಅವರು ಬಾಲಕಿ. ತಾಯಿ ಅಂಬಾಬಾಯಿ ಹಾಡುತ್ತಿದ್ದುದು ಕರ್ನಾಟಕ ಸಂಗೀತ. ಮಗಳು ಹಿಡಿದದ್ದು ಹಿಂದೂಸ್ತಾನಿಯ ದಾರಿ. ಹುಬ್ಬಳ್ಳಿಯಲ್ಲಿ ಮೊದಲ ಪಾಠಗಳಾದ ಮೇಲೆ ಅವರಿಗೆ ದೊರೆತ ಗುರು ಕಿರಾಣಾ ಘರಾಣೆಯ ಸವಾಯಿ ಗಂಧರ್ವರು (1886–1952).

ಆ ಪಾಠ ಸಲೀಸಾಗಿ ಸಾಗಿದ್ದಲ್ಲ. ಸಂಸಾರದ ಹೊಣೆ ಹೊತ್ತ ಗಂಗೂಬಾಯಿ ಹುಬ್ಬಳ್ಳಿಯಿಂದ ಗುರುವಿದ್ದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಅದೇ ಗುರುವಿನ ಮನೆಯಲ್ಲೇ ಉಳಿದು ಕಲಿತವರು ಭೀಮಸೇನ ಜೋಶಿ. ಒಬ್ಬರಿಗೆ ದಿನವಿಡೀ ಗುರುವಿನ ನೆರಳು, ಇನ್ನೊಬ್ಬರಿಗೆ ಬಿಡುವು ಸಿಕ್ಕಷ್ಟೇ ಹೊತ್ತು; ಆದರೂ ಇಬ್ಬರೂ ಘರಾಣೆಯ ಮುಂಚೂಣಿಗೆ ಬಂದರು. ಎರಡು ನಿದರ್ಶನಗಳಿಂದ ಸಿದ್ಧಾಂತ ಹುಟ್ಟುವುದಿಲ್ಲ, ನಿಜ. ಆದರೆ ಗಂಟೆಗಳನ್ನೇ ಸಾಧನೆಯ ಅಳತೆಗೋಲಾಗಿಸುವ ವಾದವನ್ನು ಮತ್ತೆ ಪರೀಕ್ಷಿಸಲು ಇವು ಸಾಕು.

ಆ ವಾದದ ಬೇರು 1993ರಲ್ಲಿದೆ. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಸಂಗೀತ ವಿದ್ಯಾಲಯದ ಪಿಟೀಲು ವಿದ್ಯಾರ್ಥಿಗಳನ್ನು ಅಭ್ಯಸಿಸಿದರು. ಅತ್ಯುತ್ತಮರು, ಉತ್ತಮರು ಎಂಬ ಎರಡು ಗುಂಪುಗಳವರು ವಾರಕ್ಕೆ ಸುಮಾರು 24 ಗಂಟೆ ಒಬ್ಬರೇ ಕೂತು ಸಾಧಕ ಮಾಡುತ್ತಿದ್ದರು. ಸಂಗೀತ ಶಿಕ್ಷಕರಾಗಲು ಕಲಿಯುತ್ತಿದ್ದವರು ಸುಮಾರು 9 ಗಂಟೆ. 2019ರಲ್ಲಿ ಬ್ರೂಕ್ ಮೆಕ್‌ನಮಾರಾ ಮತ್ತು ಮೇಘಾ ಮೈತ್ರಾ ಈ ಅಧ್ಯಯನವನ್ನು ಮರಳಿ ಮಾಡಿದಾಗ ಅತ್ಯುತ್ತಮರು ಉತ್ತಮರಿಗಿಂತ ಹೆಚ್ಚು ಗಂಟೆ ಸಾಧಕ ಮಾಡಿದ್ದು ಕಂಡುಬರಲಿಲ್ಲ.

ಇದಕ್ಕಿಂತ ಬೆಲೆಯುಳ್ಳದ್ದು 2009ರ ಒಂದು ಪುಟ್ಟ ಪ್ರಯೋಗ. ರಾಬರ್ಟ್ ಡ್ಯೂಕ್ ಮತ್ತು ಸಂಗಡಿಗರು ಟೆಕ್ಸಾಸಿನಲ್ಲಿ 17 ಪಿಯಾನೊ ವಿದ್ಯಾರ್ಥಿಗಳಿಗೆ ಶೊಸ್ತಕೋವಿಚ್‌ನ ಕೃತಿಯೊಂದರ ಸಣ್ಣ ತುಣುಕನ್ನು ಕಲಿಯಲು ಕೊಟ್ಟು, ಮರುದಿನ ನುಡಿಸಲು ಹೇಳಿದರು. ಎಷ್ಟು ಹೊತ್ತು ಕೂತರು, ಎಷ್ಟು ಸಲ ನುಡಿಸಿದರು ಎಂಬುದಕ್ಕೂ ಮರುದಿನದ ಗುಣಮಟ್ಟಕ್ಕೂ ಸಂಬಂಧ ಕಾಣಲಿಲ್ಲ. ಮೇಲಿನ ಸ್ಥಾನ ಪಡೆದವರು ತಪ್ಪು ಮಾಡದವರೇನಲ್ಲ. ತಪ್ಪಿದ ಜಾಗವನ್ನು ಕೂಡಲೇ ಗುರುತಿಸಿ, ಲಯ ಇಳಿಸಿ, ಸರಿಯಾಗಿ ಕೂರುವ ತನಕ ಅಲ್ಲೇ ನಿಂತವರು.

ಕುಂದಗೋಳದ ಕ್ರಮವನ್ನು ಈ ಬೆಳಕಿನಲ್ಲಿ ನೋಡಬೇಕು. ಗಂಗೂಬಾಯಿ ಅವರಿಗೆ ಆದ ಪಾಠ ಕೆಲವೇ ರಾಗಗಳದ್ದು. ರಾಗಗಳ ಸಂಖ್ಯೆ ಬೆಳೆಸುವ ಬದಲು ಒಂದೊಂದು ಸ್ವರದ ಬಳಕೆಯಲ್ಲೂ ಮಿತವ್ಯಯ ಕಲಿಸಲಾಯಿತು. ಹೊರಗಿನವರಿಗೆ ಇದು ಬರಿಯ ಉರುಹೊಡೆಯುವಿಕೆಯಂತೆ ಕಾಣಬಹುದು. ಅಂಥ ಅಭ್ಯಾಸಕ್ಕೆ ಎದುರು ಸಾಕ್ಷ್ಯವೂ ಇದೆ: ಒಂದೇ ತುಣುಕನ್ನು ಎಡೆಬಿಡದೆ ತಿದ್ದುವುದಕ್ಕಿಂತ ಮೂರು ಮೂರು ನಿಮಿಷಕ್ಕೊಮ್ಮೆ ತುಣುಕು ಬದಲಿಸುವುದು ಮರುದಿನಕ್ಕೆ ತುಸು ಅನುಕೂಲವೆಂದು ಕ್ಲಾರಿನೆಟ್ ವಾದಕರ ಮೇಲೆ ನಡೆದ 2016ರ ಪ್ರಯೋಗವೊಂದು ತೋರಿಸಿದೆ. ಆದರೆ ಆ ವಾದಕರು ಒಂಟಿಯಾಗಿ ಅಭ್ಯಾಸ ಮಾಡಿದವರು. ಎದುರಿಗೆ ಕೂತ ಗುರು ಪ್ರತಿ ಆವೃತ್ತಿಯನ್ನೂ ಕೇಳುತ್ತಿರುವಾಗ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಪುನರಾವರ್ತನೆ ಅಲ್ಲೇ ನಿಲ್ಲುತ್ತದೆ. ತಪ್ಪು ರೂಢಿಯಾಗಲು ಎಡೆಯೇ ಇರುವುದಿಲ್ಲ.

ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಂಗೂಬಾಯಿ ಅವರ ತೆಳುವಾದ ಕಂಠ ಗಡುಸಾಗಿ ಕೆಳಗಿಳಿಯಿತು. ಧ್ವನಿಯನ್ನು ಹೊಸದಾಗಿ ಪಳಗಿಸಬೇಕಾಯಿತು. ಸ್ವರ ಎಲ್ಲಿ ನಿಲ್ಲಬೇಕೆಂದು ಗುರುವಿನೆದುರು ಕಲಿತ ಕಿವಿಯ ತಿಳಿವು ಮಾತ್ರ ಹಳೆಯದೇ ಉಳಿದಿರಬೇಕು. ಆ ಗಡುಸು ದನಿಯೇ ಅವರ ಗುರುತಾಯಿತು. ಮಗಳು ಕೃಷ್ಣಾ ಬಹುಕಾಲ ವೇದಿಕೆಯಲ್ಲಿ ಜೊತೆಗೂಡಿ ಹಾಡಿದರು. 2004ರಲ್ಲಿ ಮಗಳು ತೀರಿಹೋದ ಮೇಲೂ ಗಂಗೂಬಾಯಿ 2006ರವರೆಗೆ ಹಾಡಿದರು.