ಹೆಲ್ಮೆಟ್ ಕ್ಯಾಮೆರಾ ಹಗುರವಾದರೆ ಅಪಾಯ ಇಲ್ಲವೇ?

ಬಸವೇಶ್ವರನಗರದ ರಸ್ತೆಗಳಲ್ಲಿ ಬೈಕ್ ಓಡಿಸುವಾಗ ಬಳಸುವ ಹೆಲ್ಮೆಟ್ ಕ್ಯಾಮೆರಾವನ್ನೇ ಮೈಸೂರಿಗೆ ಒಯ್ದು, ಅದನ್ನು ಹಾಕಿಕೊಂಡು ಸ್ಕೈಡೈವಿಂಗ್ ಮಾಡಬಹುದೇ? ‘ಬರೀ 150 ಗ್ರಾಂ ತಾನೇ’ ಅನ್ನಿಸುವುದು ಸಹಜ. ಆದರೆ ಇಲ್ಲಿ ತೂಕಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ.

ನಿಜವೇನು?
ಸ್ಕೈಡೈವರ್ ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಬೀಳುತ್ತಾರೆ. ಪ್ಯಾರಾಚೂಟ್ ಬಿಚ್ಚಿಕೊಳ್ಳುವಾಗ ಅದರ ದಾರಗಳು ತಲೆಯ ಹತ್ತಿರವೇ ಹಾಯುತ್ತವೆ. ಹೊರಚಾಚಿದ ಮೌಂಟ್‌ಗೆ ಒಂದು ದಾರ ಸಿಕ್ಕಿಕೊಂಡರೂ ಕುತ್ತಿಗೆಗೆ ಪೆಟ್ಟಾಗಬಹುದು, ಪ್ಯಾರಾಚೂಟ್ ಸರಿಯಾಗಿ ಅರಳದೆ ಹೋಗಬಹುದು.

ಪರಿಣತರು ಏನು ಮಾಡುತ್ತಾರೆ?
ಕ್ಯಾಮೆರಾವನ್ನು ಹೆಲ್ಮೆಟ್‌ಗೆ ಒತ್ತಿದಂತೆ, ದಾರ ಸಿಕ್ಕುವ ಸಂದುಗಳಿಲ್ಲದಂತೆ ಕೂರಿಸುತ್ತಾರೆ. ಸಿಕ್ಕಿಕೊಂಡರೆ ತಕ್ಷಣ ಕಳಚಿ ಎಸೆಯಬಲ್ಲ ಪಟ್ಟಿ ಇರುವ ಹೆಲ್ಮೆಟ್ ಹಾಕುತ್ತಾರೆ.

ಇನ್ನೊಂದು ಅಪಾಯ, ಗಮನ ತಪ್ಪುವುದು. 1988ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನೂರಾರು ಜಿಗಿತಗಳ ಅನುಭವವಿದ್ದ ಒಬ್ಬರು ಚಿತ್ರೀಕರಣಕ್ಕೆಂದು ವಿಮಾನದಿಂದ ಜಿಗಿದರು. ಪ್ಯಾರಾಚೂಟ್ ಹಾಕಿಕೊಂಡಿರಲೇ ಇಲ್ಲ, ಬದುಕಲಿಲ್ಲ. ಕ್ಯಾಮೆರಾ ಹಾಕುವ ಮುನ್ನ ಕನಿಷ್ಠ 200 ಜಿಗಿತಗಳ ಅನುಭವ ಇರಲಿ ಎಂದು ಅಮೆರಿಕದ ಪ್ಯಾರಾಚೂಟ್ ಸಂಘವೂ ಹೇಳುತ್ತದೆ.

ಹಾಗಾಗಿ ನಮ್ಮ ಸಲಹೆ ಇಷ್ಟೇ: ಮೊದಲ ಸಲ ಜಿಗಿಯುವವರು ಕ್ಯಾಮೆರಾವನ್ನು ಮನೆಯಲ್ಲೇ ಬಿಡಿ. ವಿಡಿಯೊ ಬೇಕಿದ್ದರೆ ಜೊತೆಗೆ ಜಿಗಿಯುವ ತರಬೇತುದಾರರನ್ನೇ ಕೇಳಿ.