ಲಿಸ್ಬನ್ನಿನ ಪುನರ್ನಿರ್ಮಾಣ: 1755ರ ಭೂಕಂಪದ ಅನಂತರ

ಪೋರ್ಚುಗಲ್ಲಿನ ರಾಜಧಾನಿಯಾಗಿ, ಬ್ರೆಜಿಲ್ಲಿನ ಚಿನ್ನದಿಂದಲೂ ಪೂರ್ವದೇಶಗಳ ವಾಣಿಜ್ಯದಿಂದಲೂ ಸಮೃದ್ಧವಾಗಿ, ಟೇಗಸ್ ನದೀಮುಖದಲ್ಲಿ ಮೆರೆಯುತ್ತಿದ್ದ ಲಿಸ್ಬನ್ ನಗರವು 1755ನೆಯ ನವೆಂಬರ್ 1ರಂದು, ಕ್ರೈಸ್ತರ ಸರ್ವಸಂತರ ಹಬ್ಬದ ಬೆಳಗ್ಗೆ, ಕೆಲವೇ ನಿಮಿಷಗಳಲ್ಲಿ ನೆಲಸಮವಾಯಿತು. ಅಟ್ಲಾಂಟಿಕ್ ಸಾಗರದ ತಳದಲ್ಲಿ ಹುಟ್ಟಿದ ಆ ಕಂಪನಕ್ಕೆ ಸಿಕ್ಕಿದ ಜನರಲ್ಲಿ ಬಹುಮಂದಿ ಇಗರ್ಜಿಗಳಲ್ಲಿ ಪ್ರಾರ್ಥನಾನಿರತರಾಗಿದ್ದರು. ಅಲ್ಲಿಂದ ಪಾರಾಗಿ, ಬಯಲು ಕ್ಷೇಮಕರವೆಂದು ನದೀತೀರಕ್ಕೆ ಓಡಿದವರ ಮೇಲೆ ಸಮುದ್ರವೇ ಎದ್ದುಬಂದಿತು. ವೇದಿಕೆಯ ಮೇಣದಬತ್ತಿಗಳಿಂದಲೂ ಅಡುಗೆಮನೆಯ ಒಲೆಗಳಿಂದಲೂ ಹೊತ್ತಿದ ಬೆಂಕಿ ಐದಾರು ದಿನ ಆರದೆ ಉರಿದು, ಅಲುಗಾಟಕ್ಕೆ ಉಳಿದಿದ್ದುದನ್ನೂ ದಹಿಸಿತು. ಸುಮಾರು ಎರಡು ಲಕ್ಷ ಜನರಿದ್ದ ನಗರದಲ್ಲಿ ಸತ್ತವರು 10,000ವೆಂದು ಕೆಲವರೂ 60,000ವೆಂದು ಕೆಲವರೂ ಗಣಿಸಿದ್ದಾರೆ.

ನದೀತೀರದ ಅರಮನೆ, ಅದರಲ್ಲಿದ್ದ ಸುಮಾರು 70,000 ಗ್ರಂಥಗಳ ಭಂಡಾರ, ಅದೇ ವರ್ಷದ ವಸಂತದಲ್ಲಿ ತೆರೆದಿದ್ದ ಸಂಗೀತ ನಾಟಕಶಾಲೆ, ಸರ್ವಸಂತರ ಹೆಸರಿನ ಮಹಾ ಆಸ್ಪತ್ರೆ, ಎಲ್ಲವೂ ಹೋದುವು. ಪೂರ್ವದೇಶಗಳ ವ್ಯಾಪಾರದ ಲೆಕ್ಕಪತ್ರಗಳನ್ನಿರಿಸಿದ್ದ ‘ಕಾಸಾ ದ ಇಂಡಿಯಾ’ ಕಚೇರಿಯ ಕಡತಗಳೂ ನಾಶವಾದುದರಿಂದ, ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆಗಳನ್ನಿಟ್ಟುಕೊಂಡು ವ್ಯವಹರಿಸಿದ ಪೋರ್ಚುಗೀಸರ ಚರಿತ್ರೆಯನ್ನು ಬರೆಯಹೊರಟವರಿಗೂ ಆ ಬೆಂಕಿಯ ಬಿಸಿ ತಟ್ಟದೆ ಇರದು.

ದೊರೆಯಾದ ಒಂದನೆಯ ಜೋಸೆಫನು ಅಂದು ನಗರದ ಹೊರಗೆ ಬೆಲೇಮಿನಲ್ಲಿದ್ದು ಬದುಕಿಕೊಂಡನಾದರೂ, ಕಲ್ಲಿನ ಚಾವಣಿಯ ಕೆಳಗೆ ಮಲಗುವ ಧೈರ್ಯ ಆತನಿಗೆ ಮತ್ತೆಂದೂ ಬರಲಿಲ್ಲ. 1777ರಲ್ಲಿ ಸಾಯುವ ತನಕ ಅಜುದಾ ಗುಡ್ಡದ ಮೇಲಿನ ಡೇರೆ ಮತ್ತು ಮರದ ಕಟ್ಟಡಗಳಲ್ಲಿಯೇ ಆತನ ಆಸ್ಥಾನ ನಡೆಯಿತು. ಅಧಿಕಾರವೆಲ್ಲ ಮಂತ್ರಿಯಾದ ಸೆಬಾಸ್ಟಿಯನ್ ಜೋಸೆ ದ ಕರ್ವಾಲ್ಯೊನ, ಅಂದರೆ ಮುಂದೆ ಪೊಂಬಾಲಿನ ಮಾರ್ಕ್ವಿಸನೆಂದು ಪ್ರಸಿದ್ಧನಾದವನ ಕೈಸೇರಿತು. ಸಾಂಕ್ರಾಮಿಕ ರೋಗಗಳ ಭಯದಿಂದ, ಧರ್ಮಗುರುಗಳ ಸಮ್ಮತಿ ಪಡೆದು, ಶವಗಳನ್ನು ದೋಣಿಗಳಲ್ಲಿ ಹೇರಿ ಸಮುದ್ರದಲ್ಲಿ ಮುಳುಗಿಸಲಾಯಿತು. ಧಾನ್ಯದ ಬೆಲೆಯನ್ನೂ ಮನೆಬಾಡಿಗೆಯನ್ನೂ ಏರಿಸಕೂಡದೆಂದು ಆಜ್ಞೆಯಾಯಿತು. ದುಡಿಯಬಲ್ಲವರು ನಗರ ಬಿಟ್ಟು ಹೋಗದಂತೆ ಸೈನಿಕರು ದಾರಿಗಳನ್ನು ಕಾದರು. ಸುಲಿಗೆಗಾರರಿಗೆಂದು ನೆಟ್ಟ ಗಲ್ಲುಗಂಬಗಳು ಹಾಳುಬಿದ್ದ ಬೀದಿಗಳಿಂದ ಕಾಣುವಷ್ಟು ಎತ್ತರವಾಗಿದ್ದುವು, ಮೂವತ್ತಕ್ಕೂ ಮಿಕ್ಕಿದ ಮಂದಿ ಅವುಗಳಲ್ಲಿ ಸತ್ತರು. ವಾರಪತ್ರಿಕೆಯಾದ ‘ಗಜೆಟಾ ದ ಲಿಸ್ಬೋವಾ’ ನವೆಂಬರ್ 6ರಂದು ಎಂದಿನಂತೆ ಹೊರಬಂದಿತು. ಭೀತಿಯಿಂದ ಚೆದುರಿದ್ದ ಜನಕ್ಕೆ ಸರ್ಕಾರವಿನ್ನೂ ಇದೆಯೆಂಬ ನಂಬಿಕೆಯನ್ನು ಕೊಡುವುದರಲ್ಲಿ ಆ ಸಣ್ಣ ಹಾಳೆ ಗಲ್ಲುಗಂಬಗಳಿಗಿಂತ ಕಡಿಮೆ ಕೆಲಸ ಮಾಡಿರಲಾರದು.

ಕಟ್ಟುವುದಕ್ಕೆ ಮೊದಲು ಅಳೆಯಬೇಕೆಂಬ ವಿವೇಕವು ಈ ಪುನರ್ನಿರ್ಮಾಣದ ಸತ್ತ್ವವೆನ್ನಬಹುದು. ಯಾರ ನಿವೇಶನ ಎಲ್ಲಿಂದೆಲ್ಲಿಗೆ ಎಂಬುದನ್ನು ಬೀದಿಬೀದಿಯಾಗಿ ದಾಖಲಿಸಲು ಆಜ್ಞೆಯಾಯಿತು, ಆ ಕೆಲಸ ಮುಗಿಯದೆ ಹೊಸ ಕಟ್ಟಡ ಏಳಕೂಡದೆಂದು ನಿರ್ಬಂಧವಾಯಿತು. ಕಂಪನ ಎಷ್ಟು ಹೊತ್ತಿತ್ತು, ಯಾವ ದಿಕ್ಕಿನಿಂದ ಬಂದಂತೆ ತೋರಿತು, ಕಡಲು ಮೊದಲು ಏರಿತೋ ಇಳಿಯಿತೋ, ನೆಲ ಬಿರಿಯಿತೋ ಎಂಬ ಪ್ರಶ್ನಾವಳಿಯೊಂದು ದೇಶದ ಪಾದ್ರಿಗಳಿಗೆಲ್ಲ ಹೋಯಿತು; ಅವರ ಉತ್ತರಗಳು ಇಂದಿಗೂ ಭೂಕಂಪಶಾಸ್ತ್ರಜ್ಞರಿಗೆ ಆಧಾರವಾಗಿವೆ.

ಎಂಬತ್ತರ ಸಮೀಪದಲ್ಲಿದ್ದ ಪ್ರಧಾನ ಅಭಿಯಂತರ ಮಾನುವೆಲ್ ದ ಮಾಯಾ, ರಾಜ್ಯದ ಪತ್ರಾಗಾರದ ಅಧಿಕಾರಿಯೂ ಆಗಿದ್ದು, ಅದಿದ್ದ ಗೋಪುರ ಕುಸಿದಾಗ ಅಲ್ಲಿಂದ ಪ್ರಾಚೀನ ದಾಖಲೆಗಳನ್ನು ಹೊರತೆಗೆಸಿ ಮರದ ಗುಡಿಸಲಿನಲ್ಲಿ ರಕ್ಷಿಸಿದವನು. ಆತನು ಡಿಸೆಂಬರ್ 4ರ ವೇಳೆಗೇ ತನ್ನ ಪ್ರಬಂಧದ ಮೊದಲ ಭಾಗವನ್ನು ಸಿದ್ಧಪಡಿಸಿ, ನಗರವನ್ನು ಇದ್ದಂತೆಯೇ ಕಟ್ಟುವುದು, ಬೀದಿಗಳನ್ನು ಅಗಲಿಸುವುದು, ಮನೆಗಳ ಎತ್ತರವನ್ನು ಎರಡು ಅಂತಸ್ತಿಗೆ ತಗ್ಗಿಸುವುದು, ತಗ್ಗಿನ ಬೈಷಾ ಪ್ರದೇಶವನ್ನು ಪೂರ್ತಿ ಕೆಡವಿ ಹೊಸದಾಗಿ ರಚಿಸುವುದು, ಇಲ್ಲವೆ ಬೆಲೇಮಿನ ಕಡೆ ಬೇರೊಂದು ನಗರವನ್ನೇ ನಿರ್ಮಿಸುವುದು ಎಂಬ ಐದು ಮಾರ್ಗಗಳನ್ನು ಗುಣದೋಷಸಹಿತವಾಗಿ ಮುಂದಿಟ್ಟನು. ನಾಲ್ಕನೆಯದು ಅಂಗೀಕೃತವಾಗಿ, ಯುಜೇನಿಯೊ ದೋಸ್ ಸಾಂತೋಸ್ ಮತ್ತು ಕಾರ್ಲೋಸ್ ಮಾರ್ದೆಲ್ ಎಂಬ ಸೇನಾ ಶಿಲ್ಪಿಗಳ ನಕ್ಷೆಯಂತೆ, 1758ರ ಶಾಸನದ ಬಲದಿಂದ, ಚದುರಂಗದ ಮಣೆಯಂಥ ನೇರ ಬೀದಿಗಳು ಹುಟ್ಟಿದುವು. ಮುಖ್ಯ ಬೀದಿಗಳಿಗೆ 60 ಗೇಣು ಅಗಲ, ಅದರಲ್ಲಿಯೇ ಕಾಲ್ನಡೆಯವರಿಗೆ ಪ್ರತ್ಯೇಕ ಭಾಗ, ನೆಲದಡಿ ಚರಂಡಿ. ಅಕ್ಕಸಾಲಿಗರಿಗೊಂದು, ಮೋಚಿಗಳಿಗೊಂದು ಎಂದು ಕಸಬಿಗೊಂದು ಬೀದಿ.

ಮನೆಗಳ ಒಳರಚನೆ ಇನ್ನೂ ಗಮನಾರ್ಹವಾದುದು. ಜವುಗು ನೆಲದಲ್ಲಿ ದೇವದಾರು ಜಾತಿಯ ಮರದ ಗೂಟಗಳನ್ನು ಹೊಡೆದು, ನೆಲ ಅಂತಸ್ತನ್ನು ಕಲ್ಲಿನ ಕಮಾನುಗಳಿಂದ ಕಟ್ಟಿ, ಅದರ ಮೇಲೆ ಕಂಬ, ತೊಲೆ ಮತ್ತು ಓರೆಯಾಗಿ ಒಂದನ್ನೊಂದು ಹಾಯುವ ಪಟ್ಟಿಗಳಿಂದ ‘ಪಂಜರ’ವೆಂದೇ ಹೆಸರಾದ ಮರದ ಚೌಕಟ್ಟನ್ನು ನಿಲ್ಲಿಸಿ, ಸಂದುಗಳನ್ನು ಕಲ್ಲುಗಾರೆಗಳಿಂದ ತುಂಬುತ್ತಿದ್ದರು, ನೆಲ ನಡುಗಿದಾಗ ಗಾರೆ ಉದುರಿದರೂ ಚೌಕಟ್ಟು ಬಾಗಿ ನಿಲ್ಲಬೇಕೆಂಬುದು ಉದ್ದೇಶ. ಮಾದರಿಯೊಂದರ ಸುತ್ತ ಸೈನಿಕರನ್ನು ಹೆಜ್ಜೆಹಾಕಿಸಿ ಪರೀಕ್ಷಿಸಿದರೆಂಬ ಐತಿಹ್ಯವಿದೆ. ಬೆಂಕಿ ಹರಡದಂತೆ ಮನೆಮನೆಯ ನಡುವಣ ಗೋಡೆಯನ್ನು ಮಾಡಿಗಿಂತ ಮೇಲಕ್ಕೆ ಎತ್ತಿದರು. ಕಿಟಕಿ, ಬಾಗಿಲು, ಕಬ್ಬಿಣದ ಸಾಮಾನುಗಳೆಲ್ಲ ನಿಯತ ಅಳತೆಯಲ್ಲಿ ಮೊದಲೇ ತಯಾರಾಗಿ ಬರುತ್ತಿದ್ದುವು.

ವೆಚ್ಚಕ್ಕಾಗಿ ವರ್ತಕರು ಆಮದು ಸರಕಿನ ಮೇಲೆ ಶೇಕಡಾ 4ರ ಕಾಣಿಕೆಯನ್ನು ಒಪ್ಪಿಕೊಂಡರು. ಬ್ರಿಟಿಷ್ ಪಾರ್ಲಿಮೆಂಟು ಒಂದು ಲಕ್ಷ ಪೌಂಡಿನ ನೆರವು ನೀಡಿತು.

ಪೊಂಬಾಲನ ಈ ಸಾಹಸವನ್ನು ಪ್ರಶಂಸಿಸುವವರು ಅದರ ಮತ್ತೊಂದು ಮುಖವನ್ನು ಮರೆಯುವುದುಂಟು. ಭೂಕಂಪವು ದೈವಕೋಪವೆಂದೂ ಕಟ್ಟುವುದಕ್ಕಿಂತ ಪಶ್ಚಾತ್ತಾಪ ಮುಖ್ಯವೆಂದೂ ಬರೆದ ಜೆಸ್ಯುಯಿಟ್ ಪಾದ್ರಿ ಮಲಗ್ರಿದಾನನ್ನು ಆತನು ಮೊದಲು ನಗರದಿಂದ ಹೊರಗಟ್ಟಿದನು. 1759ರಲ್ಲಿ ಆ ಪಂಥವನ್ನೇ ದೇಶಭ್ರಷ್ಟಗೊಳಿಸಿದನು. 1761ರಲ್ಲಿ ಆ ವೃದ್ಧನಿಗೆ ಮರಣದಂಡನೆಯಾಯಿತು. ಬೀದಿಯನ್ನು ನೇರಗೊಳಿಸಿದ ಅಧಿಕಾರವೇ ಎದುರುಮಾತನ್ನೂ ಅಡಗಿಸಿತು.

ನಕ್ಷೆ ಸಿದ್ಧವಾದ ವೇಗದಲ್ಲಿ ನಗರ ಏಳಲಿಲ್ಲ. ಮನೆಯ ಒಡೆಯರಲ್ಲಿ ಹಣವಿರಲಿಲ್ಲ, ಬ್ರೆಜಿಲ್ಲಿನ ಚಿನ್ನವೂ ಇಳಿಮುಖವಾಗಿತ್ತು. ಅರಮನೆಯಿದ್ದ ಸ್ಥಳದ ವಾಣಿಜ್ಯ ಚೌಕದಲ್ಲಿ ದೊರೆಯ ಅಶ್ವಾರೂಢ ಪ್ರತಿಮೆಯನ್ನು 1775ರಲ್ಲಿ ಅನಾವರಣ ಮಾಡಿದಾಗ ಸುತ್ತಲಿನ ಕಟ್ಟಡಗಳು ಇನ್ನೂ ಮುಗಿದಿರಲಿಲ್ಲ; ಎರಡು ವರ್ಷಗಳಲ್ಲಿ ದೊರೆ ತೀರಿಕೊಂಡನು, ಮಂತ್ರಿ ಪದಚ್ಯುತನಾದನು. ಅದೇ ಚೌಕದಿಂದ ಅಗಸ್ಟಾ ಬೀದಿಗೆ ತೆರೆಯುವ ವಿಜಯಕಮಾನು ಪೂರ್ಣಗೊಂಡುದು 1870ರ ದಶಕದಲ್ಲಿ.