ವರ್ಷಾಂತ್ಯದ ಚಂಡಮಾರುತ: ಅರ್ಥವಾಗದೆ ಹೋದ ಎಚ್ಚರಿಕೆ

2013ರ ನವೆಂಬರ್ 7ರ ಸಂಜೆ ಫಿಲಿಪ್ಪೀನ್ಸ್ ಅಧ್ಯಕ್ಷ ಮೂರನೇ ಬೆನಿಗ್ನೊ ಅಕಿನೊ ಟೆಲಿವಿಷನ್‌ನಲ್ಲಿ ಕಾಣಿಸಿಕೊಂಡು ದೇಶವನ್ನು ಎಚ್ಚರಿಸಿದರು. ಭಾರೀ ಚಂಡಮಾರುತವೊಂದು ಪೂರ್ವದ ದ್ವೀಪಗಳತ್ತ ಧಾವಿಸುತ್ತಿದೆ, ಕೆಲವೆಡೆ ಸಮುದ್ರ ಐದಾರು ಮೀಟರ್ ಎತ್ತರಕ್ಕೆ ಉಕ್ಕಬಹುದು ಎಂಬುದು ಅವರ ಮಾತಿನ ಸಾರ. ಮರುದಿನ ನಸುಕಿನಲ್ಲಿ ‘ಹೈಯಾನ್’ ಸಮಾರ್ ದ್ವೀಪದ ಗಿವಾನ್ ಪಟ್ಟಣಕ್ಕೆ ಅಪ್ಪಳಿಸಿತು. ಸ್ಥಳೀಯರು ಇದನ್ನು ‘ಯೊಲಾಂಡಾ’ ಎಂದು ಕರೆದರು. ಗಾಳಿಯ ವೇಗ ಗಂಟೆಗೆ 315 ಕಿ.ಮೀ. ಎಂದು ಅಮೆರಿಕದ ಹವಾಮಾನ ತಜ್ಞರು ಅಂದಾಜು ಮಾಡಿದರು. ಸರ್ಕಾರಿ ಲೆಕ್ಕದ ಪ್ರಕಾರವೇ ಸತ್ತವರು 6,300 ಮಂದಿ.

ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ ಏಳುವ ಚಂಡಮಾರುತಕ್ಕೆ ‘ಟೈಫೂನ್’ ಎಂದು ಹೆಸರು. ಫಿಲಿಪ್ಪೀನ್ಸ್ ಜನರ ಬಾಯಲ್ಲಿ ಅದು ‘ಬಾಗ್ಯೊ’. ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಏಳುವ ಟೈಫೂನ್‌ಗಳಲ್ಲಿ ಹಲವು ಉತ್ತರಕ್ಕೆ ತಿರುಗಿ ತೈವಾನ್, ಜಪಾನ್ ಕಡೆಗೆ ಹೋಗುತ್ತವೆ. ಅಕ್ಟೋಬರ್ ಕಳೆಯುತ್ತಿದ್ದಂತೆ, ಅವುಗಳ ದಾರಿಯನ್ನು ನಿರ್ಧರಿಸುವ ಅಧಿಕ ಒತ್ತಡದ ವಲಯ ದಕ್ಷಿಣಕ್ಕೆ ಸರಿಯುತ್ತದೆ. ಆಗ ಸಮಭಾಜಕಕ್ಕೆ ಇನ್ನಷ್ಟು ಹತ್ತಿರದಲ್ಲಿ ಹುಟ್ಟುವ ಬಿರುಗಾಳಿ ನೇರವಾಗಿ ಪಶ್ಚಿಮಕ್ಕೆ ಸಾಗುತ್ತದೆ. ದಾರಿಯಲ್ಲಿ ಅದಕ್ಕೆ ಅಡ್ಡ ಬರುವ ನೆಲವೆಂದರೆ ಫಿಲಿಪ್ಪೀನ್ಸ್‌ನ ಮಧ್ಯ ಮತ್ತು ದಕ್ಷಿಣದ ದ್ವೀಪಗಳು. ಅಲ್ಲಿನ ಸಮುದ್ರ ಆ ಹೊತ್ತಿಗೂ ತಣ್ಣಗಾಗಿರುವುದಿಲ್ಲ. ಆದ್ದರಿಂದಲೇ ವರ್ಷದ ಕೊನೆಯ ಟೈಫೂನ್‌ಗಳನ್ನು ಹಗುರವಾಗಿ ಕಾಣುವಂತಿಲ್ಲ.

ಹೈಯಾನ್‌ನಲ್ಲಿ ಅತಿ ಹೆಚ್ಚು ಸಾವು ಸಂಭವಿಸಿದ್ದು ಲೇಯ್ತೆ ದ್ವೀಪದ ಟಕ್ಲೋಬಾನ್ ನಗರದಲ್ಲಿ. ಅಲ್ಲಿ ಗಾಳಿಗಿಂತ ಹೆಚ್ಚಾಗಿ ನೀರೇ ಜನರನ್ನು ಕೊಂದಿತು. ನಗರದ ಎದುರಿಗಿರುವ ಸ್ಯಾನ್ ಪೆಡ್ರೊ ಕೊಲ್ಲಿ ಆಲಿಕೆಯಂತೆ ಒಳಕ್ಕೆ ಕಿರಿದಾಗುತ್ತಾ ಹೋಗುತ್ತದೆ. ಆಳವೂ ಕಡಿಮೆ. ಮೊದಲು ದಡದ ಕಡೆಯಿಂದ ಬೀಸಿದ ಗಾಳಿ ನೀರನ್ನು ಹೊರಕ್ಕೆ ತಳ್ಳಿತು. ಚಂಡಮಾರುತದ ಕಣ್ಣು ದಕ್ಷಿಣದಲ್ಲಿ ಹಾದುಹೋಗುತ್ತಿದ್ದಂತೆ ಗಾಳಿಯ ದಿಕ್ಕು ತಿರುಗಿ, ಅದೇ ನೀರು ಗೋಡೆಯಂತೆ ನಗರದೊಳಕ್ಕೆ ನುಗ್ಗಿತು. ಸುರಕ್ಷಿತವೆಂದು ಗುರುತಿಸಿದ್ದ ಕೆಲವು ಆಶ್ರಯತಾಣಗಳನ್ನೂ ಅದು ಬಿಡಲಿಲ್ಲ.

ಎಚ್ಚರಿಕೆ ಮುಂಚಿತವಾಗಿಯೇ ಸಿಕ್ಕಿದ್ದರೂ ಇಷ್ಟೊಂದು ಸಾವು ಏಕೆ? ಬದುಕುಳಿದ ಅನೇಕರು ಕೊಟ್ಟ ಉತ್ತರ ಒಂದೇ: ‘ಸ್ಟಾರ್ಮ್ ಸರ್ಜ್’ ಎಂದರೇನೆಂದು ತಿಳಿಯಲಿಲ್ಲ, ‘ಸುನಾಮಿ’ ಎಂದಿದ್ದರೆ ಓಡಿಹೋಗುತ್ತಿದ್ದೆವು. ಸುನಾಮಿ ಹುಟ್ಟುವುದು ಸಾಮಾನ್ಯವಾಗಿ ಸಮುದ್ರತಳದ ಭೂಕಂಪದಿಂದ, ಇದು ಹುಟ್ಟಿದ್ದು ಗಾಳಿಯಿಂದ. ವಿಜ್ಞಾನದ ದೃಷ್ಟಿಯಿಂದ ಎರಡೂ ಬೇರೆಯೇ. ಆದರೆ ಮನೆ ಬಿಟ್ಟು ಹೊರಡಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾದ ಮೀನುಗಾರನಿಗೆ ಆ ವ್ಯತ್ಯಾಸಕ್ಕಿಂತ, ನೀರು ತನ್ನ ಮಾಡಿನವರೆಗೆ ಬರುತ್ತದೆಯೇ ಎಂಬುದೇ ಮುಖ್ಯ. ಅದನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿದವರು ವಿರಳ.

ವಿಷಾದದ ಸಂಗತಿಯೆಂದರೆ, ಟಕ್ಲೋಬಾನ್‌ಗೆ ಇದು ಹೊಸ ಅನುಭವವೇನಲ್ಲ. 1897ರ ಅಕ್ಟೋಬರ್ 12 ಮತ್ತು 13ರಂದು ಬಂದ ಟೈಫೂನ್ ಇದೇ ಸಮಾರ್, ಲೇಯ್ತೆ ದ್ವೀಪಗಳನ್ನು ಹಾದುಹೋಗಿತ್ತು. ಆಗಲೂ ಸಮುದ್ರ ಊರೊಳಗೆ ನುಗ್ಗಿತ್ತು. ಜೆಸೂಟ್ ಪಾದ್ರಿಗಳು 1865ರಲ್ಲಿ ಸ್ಥಾಪಿಸಿದ ಮನಿಲಾ ವೀಕ್ಷಣಾಲಯ ಆ ವೇಳೆಗಾಗಲೇ ಹೆಸರು ಮಾಡಿತ್ತು. ಅಲ್ಲಿನ ಫಾದರ್ ಫೆಡರಿಕೊ ಫೌರಾ 1879ರಲ್ಲೇ ಟೈಫೂನ್ ಮುನ್ಸೂಚನೆ ನೀಡಿದ್ದರು. ಅವರ ಉತ್ತರಾಧಿಕಾರಿ ಫಾದರ್ ಹೋಸೆ ಅಲ್ಗೇ 1897ರ ಬಿರುಗಾಳಿಯ ವಿವರಗಳನ್ನೆಲ್ಲ ಕಲೆಹಾಕಿ ಸ್ಪ್ಯಾನಿಷ್ ಭಾಷೆಯಲ್ಲಿ ಒಂದು ಪುಸ್ತಕವನ್ನೇ ಬರೆದರು. ಪುಸ್ತಕವೇನೋ ಉಳಿಯಿತು. ಆದರೆ ನೆನಪು ಕಡಲತೀರದವರೆಗೆ ಬರಲಿಲ್ಲ. 116 ವರ್ಷಗಳ ನಂತರ ಅದೇ ದಡದಲ್ಲಿ ಜನ ದಟ್ಟವಾಗಿ ಮನೆ ಕಟ್ಟಿಕೊಂಡು ನೆಲೆಸಿದ್ದರು.

ಹೈಯಾನ್ ಕಲಿಸಿದ ಪಾಠ ವ್ಯರ್ಥವಾಗಲಿಲ್ಲ. ಫಿಲಿಪ್ಪೀನ್ಸ್ ಹವಾಮಾನ ಇಲಾಖೆ ‘ಪಗಾಸಾ’ ತನ್ನ ಎಚ್ಚರಿಕೆಗಳಲ್ಲಿ ‘ದಲುಯೊಂಗ್’ ಎಂಬ ದೇಶೀ ಪದವನ್ನು ಬಳಕೆಗೆ ತಂದಿತು. ಮರುವರ್ಷ, 2014ರ ಡಿಸೆಂಬರ್ 6ರಂದು ‘ಹಗುಪಿಟ್’ ಟೈಫೂನ್ ಸಮಾರ್‌ಗೆ ಬಡಿಯುವ ವೇಳೆಗೆ ಲಕ್ಷಾಂತರ ಜನ ಮನೆ ತೊರೆದಿದ್ದರು. ಆ ಬಿರುಗಾಳಿ ಹೈಯಾನ್‌ನಷ್ಟು ಬಲಶಾಲಿಯಾಗಿರಲಿಲ್ಲ ಎಂಬುದು ನಿಜ. ಆದರೂ ಸತ್ತವರ ಸಂಖ್ಯೆ ಎರಡಂಕಿಯಲ್ಲೇ ನಿಂತದ್ದು ಗಮನಾರ್ಹ.

ಫಿಲಿಪಿನೊ ಭಾಷೆಯಲ್ಲಿ ‘ಪಗಾಸಾ’ ಎಂದರೆ ಭರವಸೆ. ಅಳೆದು ತಿಳಿದದ್ದನ್ನು ಜನರ ಮಾತಿನಲ್ಲಿ ಹೇಳಿದಾಗ ಮಾತ್ರ ಆ ಹೆಸರಿಗೆ ಅರ್ಥ.